ಮರಿ ಅಂಗಳದಲ್ಲಿ, ತಾಯಿ ತಂತಿಯ ಮೇಲೆ

(ಮೈಸೂರಿನ ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯುಗಾದಿ ಮುಗಿದು ಮೊದಲ ಮಳೆ ಬೀಳುವ ಹೊತ್ತಿಗೆ, ಹಕ್ಕಿಗಳ ಬಗ್ಗೆ ಒಂದಿಷ್ಟು ತಿಳಿದವರ ಫೋನಿಗೆ ಬಿಡುವೇ ಇರುವುದಿಲ್ಲ. ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಮೇಡಂ, ಅಂಗಳದಲ್ಲಿ ಒಂದು ಹಕ್ಕಿಮರಿ ಬಿದ್ದಿತ್ತು. ಹಾರೋಕೆ ಬರ್ತಿಲ್ಲ. ಒಳಗೆ ತಂದು ಚಪ್ಪಲಿ ಡಬ್ಬದಲ್ಲಿ ಇಟ್ಟಿದ್ದೀವಿ. ಏನು ತಿನ್ನಿಸೋದು?" ಕೇಳುವವರ ದನಿಯಲ್ಲಿ ನಿಜವಾದ ಕಳಕಳಿ ಇರುತ್ತದೆ. ನಾನು ಮಾತ್ರ ಮೊದಲು ಕೇಳುವುದು, ಮರಿಯನ್ನು ಎತ್ತಿಕೊಳ್ಳುವಾಗ ಅದರ ತಾಯಿ ಎಲ್ಲಿತ್ತು ಎಂದು. ಬಹಳಷ್ಟು ಸಲ ತಾಯಿ ಅಲ್ಲೇ ಕರೆಂಟು ತಂತಿಯ ಮೇಲೆ, ಕೊಕ್ಕಿನಲ್ಲಿ ಹುಳ ಹಿಡಿದು, ಜನ ಅತ್ತ ಸರಿಯಲಿ ಎಂದು ಕಾಯುತ್ತಿರುತ್ತದೆ.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ: ಮನೆಯ ಸುತ್ತ ಗೂಡು ಕಟ್ಟಿದ ಹಕ್ಕಿಯ ಮರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅದನ್ನು ಅದರ ತಂದೆತಾಯಿಗೆ ಒಪ್ಪಿಸಿ ದೂರ ಸರಿಯುವುದು. ತಂದು ಸಾಕುವುದು ಬೇರೆ ದಾರಿಯೇ ಇಲ್ಲದಾಗ, ಅದೂ ಅದನ್ನು ಬಲ್ಲವರ ಕೈಯಲ್ಲಿ.

ನಮ್ಮ ಮನೆಗಳ ಸುತ್ತ ಎಷ್ಟು ಬಗೆಯ ಹಕ್ಕಿ ಗೂಡು ಕಟ್ಟುತ್ತವೆ ಎಂಬುದು ಎಷ್ಟೋ ಜನರ ಗಮನಕ್ಕೆ ಬಂದಿರುವುದಿಲ್ಲ. ಕ್ರೋಟನ್ ಗಿಡದಲ್ಲಿ ಪಿಕಳಾರ, ಅಂದರೆ ಬುಲ್‌ಬುಲ್. ಬಟ್ಟೆ ಒಣಹಾಕುವ ತಂತಿಗೋ ಬಾಲ್ಕನಿಯ ಬಳ್ಳಿಗೋ ಜೋತುಬಿದ್ದ ಸಣ್ಣ ಚೀಲದಂಥ ಗೂಡು ಸೂರಕ್ಕಿಯದು. ಕುಂಡದಲ್ಲಿರುವ ಅಗಲ ಎಲೆಗಳನ್ನು ಸೇರಿಸಿ ಹೊಲಿದು ಅದರೊಳಗೆ ಸಂಸಾರ ಹೂಡುವುದು ಸಿಂಪಿಗ. ಕಾಂಪೌಂಡು ಗೋಡೆಯ ಬಿಲದಲ್ಲಿ, ಬಳಸದ ಪೈಪಿನಲ್ಲಿ ಮಡಿವಾಳ ಹಕ್ಕಿ. ಏಸಿ ಯಂತ್ರದ ಹಿಂದೆ, ಸಜ್ಜಾದ ಮೇಲೆ ನಾಲ್ಕು ಕಡ್ಡಿ ಅಡ್ಡ ಇಟ್ಟು ಮೊಟ್ಟೆ ಇಡುವುದು ಬೆಳವ. ಸೂರಿನ ಸಂದಿನಲ್ಲಿ ಗುಬ್ಬಿ, ಗೊರವಂಕ. ಒಂದೊಂದರ ರೀತಿನೀತಿಯೂ ಬೇರೆ. ಎಲ್ಲವನ್ನೂ ಹೇಳಲು ಹೊರಟರೆ ಸಂಜೆಯಾದೀತು. ಹಾಗಾಗಿ ಹೆಚ್ಚು ಕರೆ ಬರುವ ಪಿಕಳಾರವನ್ನೇ ಹಿಡಿದುಕೊಳ್ಳುತ್ತೇನೆ.

ತಲೆಯ ಮೇಲೆ ಚೂಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಚುಕ್ಕೆ, ಬಾಲದ ಬುಡದಲ್ಲೂ ಕೆಂಪು. ಕೆಮ್ಮೀಸೆ ಪಿಕಳಾರ ನಿಮಗೆಲ್ಲ ಪರಿಚಿತವೇ. ಇದು ಮನುಷ್ಯರ ಹತ್ತಿರವೇ, ಆಳೆತ್ತರದ ಗಿಡದಲ್ಲಿ, ಕೆಲವೊಮ್ಮೆ ಮುಂಬಾಗಿಲ ಮನಿಪ್ಲಾಂಟಿನಲ್ಲೇ ಗೂಡು ಕಟ್ಟುತ್ತದೆ. ಸಣ್ಣ ಬೇರು, ಒಣ ಹುಲ್ಲು, ಜೇಡರ ಬಲೆ ಸೇರಿಸಿ ಹೆಣೆದ ಬಟ್ಟಲು. ಮೊಟ್ಟೆ ಎರಡೋ ಮೂರೋ. ಸುಮಾರು 12 ದಿನ ಕಾವು. ಮೊಟ್ಟೆಯೊಡೆದು ಬಂದ ಮರಿಗೆ ಮೈಮೇಲೆ ಒಂದು ತುಪ್ಪುಳವೂ ಇಲ್ಲ, ಕಣ್ಣು ಮುಚ್ಚಿರುತ್ತದೆ, ಹೊಟ್ಟೆಯ ಚರ್ಮದಡಿ ಕರುಳು ಕಾಣುವಷ್ಟು ತೆಳು. ನಾಲ್ಕೈದು ದಿನಕ್ಕೆ ಕಣ್ಣು ಬಿಡುತ್ತದೆ. ಆಮೇಲೆ ರೆಕ್ಕೆಯ ಅಂಚಿನಲ್ಲಿ ನೀಲಿಬೂದು ಬಣ್ಣದ ಸೂಜಿಗಳು ಏಳುತ್ತವೆ. ಒಂದೊಂದು ಸೂಜಿಯ ತುದಿಯೂ ಬಿರಿದು ಅದರೊಳಗಿಂದ ಪುಕ್ಕ ಹೊರಬರುವುದನ್ನು ದಿನದಿನವೂ ಗುರುತಿಸಬಹುದು. ಮೊಟ್ಟೆಯೊಡೆದು ಎರಡು ವಾರ ತುಂಬುವಷ್ಟರಲ್ಲಿ ಮರಿ ಗೂಡು ಬಿಟ್ಟು ಹೊರಗೆ ಬಂದಿರುತ್ತದೆ.

ಗೂಡು ಬಿಟ್ಟಿತು ಎಂದೆ. ಹಾರಿಹೋಯಿತು ಎನ್ನಲಿಲ್ಲ. ತೊಡಕು ಶುರುವಾಗುವುದೇ ಇಲ್ಲಿ. ಪಿಕಳಾರ, ಮಡಿವಾಳ, ಗೊರವಂಕ ಇವುಗಳ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡಿನಿಂದ ಇಳಿಯುತ್ತವೆ. ಮೈತುಂಬ ಪುಕ್ಕ ಬಂದಿರುತ್ತದೆ. ಬಾಲ ಮಾತ್ರ ಮೋಟು, ಬಾಯಿಯ ಅಂಚಿನಲ್ಲಿ ಹಳದಿ ಪಟ್ಟಿ ಇನ್ನೂ ಇರುತ್ತದೆ. ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತಾ, ಜಾರಿ ನೆಲಕ್ಕೆ ಬೀಳುತ್ತಾ, ಮತ್ತೆ ಕುಂಡದ ಅಂಚಿಗೆ ಹತ್ತುತ್ತಾ ಕೆಲವು ದಿನ ಕಳೆಯುತ್ತವೆ. ಅಷ್ಟೂ ದಿನ, ಅದರಾಚೆಗೂ ಎರಡು ವಾರದವರೆಗೆ, ಗಂಡು ಹೆಣ್ಣು ಎರಡೂ ಅದನ್ನು ಹುಡುಕಿ ಬಂದು ಗುಟುಕು ಕೊಡುತ್ತವೆ. ಮರಿ ಕೂಗುವುದು, ತಾಯಿ ಆ ದನಿ ಹಿಡಿದು ಬರುವುದು, ಇದು ದಿನವಿಡೀ ನಡೆಯುವ ವ್ಯವಹಾರ. ಅಂಥ ಮರಿಯನ್ನು ಒಳಗೆ ತಂದು ಬಾಗಿಲು ಹಾಕಿಕೊಂಡರೆ ತಾಯಿ ಹೊರಗೆ ಕೂಗಿಕೊಂಡು ಸುತ್ತುತ್ತಲೇ ಇರುತ್ತದೆ. ಕೂಡಲೇ ಮರಿಯನ್ನು ಸಿಕ್ಕಿದ ಜಾಗಕ್ಕೇ ಒಯ್ದು ಬಿಟ್ಟರೆ ಮುರಿದ ಕೊಂಡಿ ಮತ್ತೆ ಕೂಡಿಕೊಳ್ಳುತ್ತದೆ. ಹಿಂದಿನ ದಿನ ಸಂಜೆ ತಂದದ್ದಾದರೂ ಮರುದಿನ ಬೆಳಕು ಹರಿಯುತ್ತಲೇ ಬಿಟ್ಟು ನೋಡಿ. ತಾಯಿ ಬರುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಹಾಗಾದರೆ ಬಿದ್ದ ಮರಿ ಕಂಡರೆ ಮೊದಲ ಕೆಲಸ ಅದರ ಮೈ ನೋಡುವುದು. ಪುಕ್ಕ ಬಂದಿದೆಯೇ? ಬೆರಳು ಚಾಚಿದರೆ ಕಾಲಿನಿಂದ ಗಟ್ಟಿಯಾಗಿ ಹಿಡಿಯುತ್ತದೆಯೇ? ರಕ್ತ ಇಲ್ಲ, ರೆಕ್ಕೆ ಎರಡೂ ಸಮನಾಗಿವೆ ಎಂದಾದರೆ ಆ ಮರಿಗೆ ಏನೂ ಆಗಿಲ್ಲ. ರಸ್ತೆಯಲ್ಲಿದ್ದರೆ ಬೇಲಿಯ ಒಳಗೆ, ಬಿಸಿಲಲ್ಲಿದ್ದರೆ ನೆರಳಿಗೆ, ನೆಲದಲ್ಲಿದ್ದರೆ ದಟ್ಟವಾದ ಒಂದು ಗಿಡದ ಕೊಂಬೆಗೆ. ಅಷ್ಟೇ ಸ್ಥಳಾಂತರ, ನಾಲ್ಕು ಮಾರಿಗಿಂತ ದೂರ ಬೇಡ. ಆಮೇಲೆ ಮನೆಯೊಳಗೆ ಹೋಗಿ ಕಿಟಕಿಯಿಂದ ನೋಡಿ. ಒಂದು ಗಂಟೆ, ಬೇಕಾದರೆ ಎರಡು ಗಂಟೆ. ನೀವು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ತಾಯಿ ಬರುವುದಿಲ್ಲ.

ಪುಕ್ಕ ಬಾರದ ಮರಿ ಬಿದ್ದಿದ್ದರೆ ಮಾತೇ ಬೇರೆ. ಅದು ನೆಲದಲ್ಲಿ ಉಳಿಯಲಾರದು. ಹಕ್ಕಿಯ ಮೈಬಿಸಿ 40ರಿಂದ 42 ಡಿಗ್ರಿ ಸೆಲ್ಸಿಯಸ್. ಬೆತ್ತಲೆ ಮರಿಗೆ ಆ ಬಿಸಿ ಸ್ವಂತದ್ದಲ್ಲ, ತಾಯಿಯ ಹೊಟ್ಟೆಯಡಿಯಿಂದ ಬರಬೇಕಾದದ್ದು. ನೆಲದ ಮೇಲೆ ಅದು ತಣ್ಣಗಾಗುತ್ತದೆ, ಇರುವೆ ಮುತ್ತುತ್ತವೆ. ಮೊದಲು ಅಂಗೈ ಬಟ್ಟಲು ಮಾಡಿ ಅದರೊಳಗೆ ಹಿಡಿದು ಬೆಚ್ಚಗೆ ಮಾಡಿ. ಇರುವೆ ಇದ್ದರೆ ಬಿಡಿಸಿ. ಮೇಲೆ ನೋಡಿ, ಗೂಡು ಎಲ್ಲಿದೆ ಹುಡುಕಿ, ಅದರೊಳಗೇ ಇಡಿ.

"ಮನುಷ್ಯರು ಮುಟ್ಟಿದರೆ ತಾಯಿ ಸೇರಿಸೋದಿಲ್ಲವಂತೆ" ಎಂದು ನಿಮ್ಮಲ್ಲಿ ಕೆಲವರು ಆಗಲೇ ಅಂದುಕೊಂಡಿರುತ್ತೀರಿ. ಈ ನಂಬಿಕೆಯಿಂದ ಗೂಡಿಗೆ ಮರಳಬಹುದಾಗಿದ್ದ ಎಷ್ಟೋ ಮರಿಗಳು ನೆಲದಲ್ಲೇ ಸತ್ತಿವೆ. ನಮ್ಮ ಅಂಗಳದ ಹಕ್ಕಿಗಳು ಮರಿಯನ್ನು ಗುರುತಿಸುವುದು ದನಿಯಿಂದ, ಜಾಗದಿಂದ, ತೆರೆದ ಬಾಯಿಯಿಂದ. ನಮ್ಮ ಕೈವಾಸನೆಗೆ ಹೇಸಿ ಅವು ಮರಿಯನ್ನು ಬಿಡುವುದಿಲ್ಲ. ಹಕ್ಕಿ ಗೂಡು ಬಿಟ್ಟುಹೋಗುವುದು ಮತ್ತೆಮತ್ತೆ ಕಾಟ ಕೊಟ್ಟಾಗ, ಅದರಲ್ಲೂ ಮೊಟ್ಟೆಯಿಟ್ಟ ಹೊಸದರಲ್ಲಿ. ದಿನಕ್ಕೆ ಹತ್ತು ಸಲ ಎಲೆ ಸರಿಸಿ ಫೋನಿನಲ್ಲಿ ಫೋಟೋ ತೆಗೆಯುವುದು ನಿಜವಾಗಿ ಹಾನಿ. ಮರಿಗೆ ಪುಕ್ಕ ಬಂದ ಮೇಲಂತೂ ಗೂಡಿನ ಹತ್ತಿರ ಹೋಗಲೇಬೇಡಿ. ಹೆದರಿದ ಮರಿಗಳು ಹೊತ್ತಿಗೆ ಮೊದಲೇ ಎಗರಿಬಿಡುತ್ತವೆ. ಮತ್ತೆ ಒಳಗಿಟ್ಟರೂ ಕೂರುವುದಿಲ್ಲ.

ಗೂಡೇ ಕಿತ್ತು ಬಿದ್ದಿದ್ದರೆ? ಕುವೆಂಪುನಗರದ ಒಂದು ಮನೆಯಲ್ಲಿ ಹಾಗಾಗಿತ್ತು. ಏಪ್ರಿಲ್ ತಿಂಗಳ ಸಂಜೆಯ ಗಾಳಿಮಳೆಗೆ ದಾಸವಾಳದ ಕೊಂಬೆ ಸೀಳಿ ಪಿಕಳಾರದ ಗೂಡು ಮಗುಚಿಕೊಂಡಿತ್ತು. ಎರಡು ಮರಿ, ಆಗಷ್ಟೇ ಕಣ್ಣು ಬಿಟ್ಟವು. ಆ ಮನೆಯ ಅಜ್ಜಿ ಹೂವು ತರುವ ಸಣ್ಣ ಬಿದಿರು ಬುಟ್ಟಿ ತಂದರು. ಅದರೊಳಗೆ ಒಣ ಹುಲ್ಲು ಹಾಸಿ, ಉಳಿದಿದ್ದ ಹಳೇ ಗೂಡನ್ನು ಹಾಗೇ ಕೂರಿಸಿ, ಮರಿಗಳನ್ನು ಇಟ್ಟು, ಅದೇ ದಾಸವಾಳದ ಇನ್ನೊಂದು ಗಟ್ಟಿ ಕವಲಿಗೆ ಕಟ್ಟಿದೆವು. ತಾಯಿ ಎದುರಿನ ತಂತಿಗೆ ಬಂದು ಕೂತಿತು, ಕೊಕ್ಕಿನಲ್ಲಿ ಹಸಿರು ಕಂಬಳಿಹುಳ. ಮೊದಲು ಹಳೇ ಕೊಂಬೆ ಇದ್ದ ಜಾಗಕ್ಕೆ ಹಾರಿ, ಅಲ್ಲಿ ಏನೂ ಇಲ್ಲದೆ ಸುತ್ತಿ ಸುಳಿದು ಹಿಂದಿರುಗಿತು. ಬುಟ್ಟಿಯೊಳಗಿಂದ ಮರಿಗಳು ಚಿಂಯ್ ಎಂದವು. ಹಕ್ಕಿ ಕತ್ತು ಓರೆಮಾಡಿತು. ಎರಡು ಕೊಂಬೆ ಆಚೆ ಬಂದು ಕೂತು, ಮತ್ತೆ ಹಾರಿ, ಮತ್ತೆ ಬಂದು, ಕೊನೆಗೆ ಬುಟ್ಟಿಯ ಅಂಚಿಗೆ ಕಾಲಿಟ್ಟಿತು. ಎರಡು ಬಾಯಿ ಮೇಲೆದ್ದವು. ಹುಳ ಒಂದರ ಗಂಟಲೊಳಗೆ ಇಳಿಯಿತು. ಆಮೇಲೆ ಆ ಮರಿ ಹಿಂದೆ ತಿರುಗಿ ಬುಡ ಎತ್ತಿತು. ಬಿಳಿ ಮುತ್ತಿನಂಥ ಒಂದು ಚೀಲ ಹೊರಬಂತು, ತಾಯಿ ಅದನ್ನು ಕೊಕ್ಕಿನಲ್ಲಿ ತೆಗೆದುಕೊಂಡು ಹಾರಿಹೋಯಿತು. ಮರಿಗಳ ಹಿಕ್ಕೆ ಹೀಗೆ ಪೊರೆಯೊಳಗೇ ಬರುತ್ತದೆ. ಅದಕ್ಕೇ ಗೂಡು ಅಷ್ಟು ಚೊಕ್ಕಟ. ಕದ್ದು ತಿನ್ನುವ ಪ್ರಾಣಿಗಳಿಗೆ ವಾಸನೆ ಸಿಗುವುದೂ ಕಡಿಮೆ.

ಬುಟ್ಟಿ ಕಟ್ಟುವವರು ಕೆಲವು ವಿಷಯ ಗಮನಿಸಿ. ಬುಟ್ಟಿ ಬಟ್ಟಲಿನಾಕಾರ ಇರಲಿ. ಚಪ್ಪಟೆ ತಳದ ಡಬ್ಬದಲ್ಲಿ ಎಳೆಯ ಮರಿಯ ಕಾಲು ಅಕ್ಕಪಕ್ಕಕ್ಕೆ ಜಾರಿ ಸೊಟ್ಟಗಾಗುತ್ತವೆ. ಪ್ಲಾಸ್ಟಿಕ್ ಡಬ್ಬವೇ ಸಿಕ್ಕಿದ್ದಾದರೆ ತಳಕ್ಕೆ ತೂತು ಮಾಡಿ, ಮಳೆ ಬಂದರೆ ನೀರು ನಿಲ್ಲಬಾರದು. ಹತ್ತಿ, ಉಲ್ಲನ್ ದಾರ, ಹಳೇ ಬಟ್ಟೆಯ ಎಳೆ ಒಳಗೆ ಬೇಡವೇ ಬೇಡ. ಉಗುರಿಗೆ ಸಿಕ್ಕಿ, ಕಾಲಿಗೆ ಸುತ್ತಿ, ರಕ್ತ ನಿಂತು ಬೆರಳೇ ಉದುರುತ್ತದೆ. ಮಧ್ಯಾಹ್ನದ ಬಿಸಿಲು ಬೀಳದ ಕಡೆ ಕಟ್ಟಿ. ಅಡ್ಡಿಯಾಯಿತೆಂದು ಸುತ್ತಲಿನ ಎಲೆ ಸವರಬೇಡಿ, ಆ ಎಲೆಯೇ ಅದಕ್ಕೆ ಮಾಡು, ಅದೇ ಮರೆ.

ಈಗ ತಿನ್ನಿಸುವ ವಿಷಯ. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಿದ್ದ ಮರಿಯ ಬಾಯಿಗೆ ಇಂಕ್ ಫಿಲ್ಲರಿನಲ್ಲಿ ನೀರು ಬಿಡಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿದೆ. ನೀವು ಬಿಟ್ಟ ಹನಿ ಹೋಗುವುದು ಶ್ವಾಸಕೋಶಕ್ಕೆ. ಮರಿಗೆ ಬೇಕಾದ ನೀರು ತಾಯಿ ಕೊಡುವ ಹುಳದಲ್ಲಿಯೇ ಇರುತ್ತದೆ. ಹಾಲು ಕೊಡಬೇಡಿ, ಅದನ್ನು ಅರಗಿಸುವ ಶಕ್ತಿ ಹಕ್ಕಿಗೆ ಇಲ್ಲ. ಹಾಲನ್ನ, ಬ್ರೆಡ್ಡು, ಬಿಸ್ಕತ್ತು ಯಾವುದೂ ಬೇಡ. ದೊಡ್ಡದಾದ ಮೇಲೆ ಹಣ್ಣು ತಿನ್ನುವ ಪಿಕಳಾರವೂ ಮರಿಗಳಿಗೆ ಮೊದಲ ದಿನಗಳಲ್ಲಿ ತರುವುದು ಹೆಚ್ಚಾಗಿ ಹುಳಹುಪ್ಪಟೆ. ಎರಡು ವಾರದಲ್ಲಿ ಮೈ, ಮೂಳೆ, ಪುಕ್ಕ ಎಲ್ಲ ಬೆಳೆಯಬೇಕಾದರೆ ಅಷ್ಟು ಸತ್ವ ಬೇಕು. ತಣ್ಣಗಿರುವ ಮರಿಗೆ ಯಾವ ಆಹಾರವೂ ಕೂಡದು, ಮೈ ಬೆಚ್ಚಗಾಗದೆ ಅದು ಜೀರ್ಣವಾಗುವುದಿಲ್ಲ.

ಬೆಳವದ ಮರಿಯಂತೂ ಬಾಯಿ ತೆರೆಯುವುದೇ ಇಲ್ಲ. ತಾಯಿಯ ಬಾಯೊಳಗೆ ತಾನೇ ಕೊಕ್ಕು ತೂರಿಸಿ, ಅಲ್ಲಿ ಉಕ್ಕಿಬರುವ ಗಟ್ಟಿ ಮೊಸರಿನಂಥದ್ದನ್ನು ಹೀರಿಕೊಳ್ಳುತ್ತದೆ. ತಾಯಿಯಷ್ಟೇ ಅಲ್ಲ, ತಂದೆಯ ಗಂಟಲಚೀಲದಲ್ಲೂ ಅದು ಊರುತ್ತದೆ. "ಇದು ಬಾಯೇ ಬಿಡ್ತಿಲ್ಲ ಮೇಡಂ" ಎಂದು ಫೋನು ಬಂದರೆ ಬೆಳವವೋ ಪಾರಿವಾಳವೋ ಇರಬೇಕು ಎಂದುಕೊಳ್ಳುತ್ತೇನೆ. ಕೊಕ್ಕು ಬಿಡಿಸಿ ತುರುಕಿದರೆ ಉಸಿರುಗಟ್ಟುತ್ತದೆ.

ಇನ್ನೊಂದು ಲೆಕ್ಕವನ್ನೂ ಇಡಿ. ಪಿಕಳಾರದಂಥ ಹಕ್ಕಿಯ ಎಳೆಯ ಮರಿಗೆ ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಗುಟುಕು ಬೇಕು. ಆಫೀಸಿಗೆ ಹೋಗುವ, ಶಾಲೆಗೆ ಹೋಗುವ ಮನೆಯಲ್ಲಿ ಇದು ಆಗುವ ಕೆಲಸವೇ? ಆದರೂ ಛಲ ಹಿಡಿದು ಬದುಕಿಸಿದಿರಿ ಎಂದುಕೊಳ್ಳಿ. ಆ ಮರಿಗೆ ಯಾವ ಹಣ್ಣು ತಿನ್ನಬೇಕು, ಬೆಕ್ಕು ಬಂದರೆ ಹೇಗೆ ಕೂಗಬೇಕು, ಬಿಜ್ಜು ಎಂಬ ಗಿಡುಗ ಹಾರಿಬಂದರೆ ಎಲ್ಲಿ ಅಡಗಬೇಕು ಎಂದು ತೋರಿಸಿಕೊಡುವವರು ಯಾರು? ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಝ್ ಮೊಟ್ಟೆಯೊಡೆದ ಕೂಡಲೇ ಕಣ್ಣಿಗೆ ಬಿದ್ದ ಅವರನ್ನೇ ತಾಯಿ ಎಂದು ನಂಬಿ ಹಿಂಬಾಲಿಸಿದ ಹೆಬ್ಬಾತಿನ ಮರಿಗಳನ್ನು ಅಭ್ಯಾಸ ಮಾಡಿದವರು. 1973ರ ನೊಬೆಲ್ ಪುರಸ್ಕಾರ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ನಮ್ಮ ಅಂಗಳದ ಹಕ್ಕಿಗಳಲ್ಲಿ ಇದು ಅಷ್ಟು ನೇರವಾಗಿ ನಡೆಯದಿದ್ದರೂ, ಮನುಷ್ಯರ ಕೈಯಲ್ಲೇ ಒಂಟಿಯಾಗಿ ಬೆಳೆದ ಮರಿ ಮನುಷ್ಯರಿಗೆ ಹೆದರುವುದನ್ನು ಕಲಿತಿರುವುದಿಲ್ಲ. ಯಾರ ಭುಜದ ಮೇಲಾದರೂ ಹೋಗಿ ಕೂರುತ್ತದೆ. ನೋಡಲು ಮುದ್ದಾಗಿರುತ್ತದೆ. ಆ ಹಕ್ಕಿಗೆ ಅದು ಪ್ರಾಣಾಪಾಯ.

ಕಾನೂನನ್ನೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಹಕ್ಕಿಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಗಿಳಿಯೂ ಅಷ್ಟೇ, ಮುನಿಯವೂ ಅಷ್ಟೇ. ರಕ್ಷಿತ ಹಕ್ಕಿಗಳ ಮೊಟ್ಟೆ, ಗೂಡು ಕೆಡಿಸುವುದನ್ನೂ ಆ ಕಾಯ್ದೆ ಬೇಟೆಯ ಲೆಕ್ಕಕ್ಕೇ ಸೇರಿಸಿದೆ.

ಹಾಗಾದರೆ ಯಾವಾಗ ಕೈಹಾಕಲೇಬೇಕು? ಬೆಕ್ಕು ಕಚ್ಚಿದಾಗ. ಗಾಯ ಕಾಣದಿದ್ದರೂ, "ಸುಮ್ಮನೆ ಬಾಯಲ್ಲಿ ಹಿಡಿದಿತ್ತು, ಬಿಡಿಸಿದೆವು" ಎಂದಾದರೂ ಸರಿ. ಬೆಕ್ಕಿನ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಸೂಜಿಮೊನೆಯಷ್ಟು ಗಾಯದಿಂದ ಒಳಹೋದರೂ ಒಂದೆರಡು ದಿನದಲ್ಲಿ ಮರಿ ಸಾಯಬಹುದು. ಅದಕ್ಕೆ ಆಂಟಿಬಯಾಟಿಕ್ ಬೇಕು, ಅದನ್ನು ಪಶುವೈದ್ಯರೇ ಕೊಡಬೇಕು. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಸುರಿಯುತ್ತಿದ್ದರೆ, ತಂದೆತಾಯಿ ಎರಡೂ ಸತ್ತದ್ದು ಖಚಿತವಾಗಿದ್ದರೆ, ಗಂಟೆಗಟ್ಟಲೆ ಕಾದರೂ ಯಾವುದೂ ಬಾರದಿದ್ದರೆ ಆಗಲೂ ಕೈಹಾಕಬೇಕು. ರಟ್ಟಿನ ಡಬ್ಬಕ್ಕೆ ಗಾಳಿಯಾಡಲು ತೂತು ಮಾಡಿ, ಬಟ್ಟೆಯನ್ನು ಸಿಂಬಿ ಸುತ್ತಿ ಅದರ ನಡುವೆ ಮರಿಯನ್ನು ಕೂರಿಸಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕಕ್ಕೆ ಮಾತ್ರ ಇಡಿ, ಸೆಕೆಯಾದರೆ ಮರಿ ಇನ್ನೊಂದು ಪಕ್ಕಕ್ಕೆ ಸರಿಯಲಿ. ಮುಚ್ಚಳ ಹಾಕಿ, ಕತ್ತಲೆ ಇರಲಿ, ಸದ್ದು ಬೇಡ. ಮಕ್ಕಳು ಎತ್ತೆತ್ತಿ ನೋಡುವುದು ಬೇಡ. ಅರಣ್ಯ ಇಲಾಖೆಗೆ ತಿಳಿಸಿ, ಹತ್ತಿರದ ವನ್ಯಜೀವಿ ಚಿಕಿತ್ಸೆಯವರನ್ನು ವಿಚಾರಿಸಿ. ಬೆಂಗಳೂರಿನವರಿಗೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ತಲುಪಲು ತಡವಾಗುವುದಾದರೆ ಏನು ತಿನ್ನಿಸಬೇಕೆಂದು ಅವರನ್ನೇ ಕೇಳಿ. ಹಕ್ಕಿಯಿಂದ ಹಕ್ಕಿಗೆ ಅದು ಬೇರೆ.

ಗೂಬೆಯ ಮಾತು ಬಿಟ್ಟರೆ ನನಗೆ ಸಮಾಧಾನವಾಗುವುದಿಲ್ಲ. ಅಪಾರ್ಟ್‌ಮೆಂಟುಗಳ ಡಕ್ಟಿನಲ್ಲಿ, ಅಟ್ಟದಲ್ಲಿ ಕಣಜ ಗೂಬೆ ಮರಿ ಮಾಡುತ್ತದೆ. ಮರಿಗಳು ಬಿಳಿ ತುಪ್ಪುಳದ ಉಂಡೆಗಳಂತೆ ಇರುತ್ತವೆ, ಹತ್ತಿರ ಹೋದರೆ ತಲೆ ತಗ್ಗಿಸಿ, ಮೈಯನ್ನು ಅತ್ತಿತ್ತ ತೂಗುತ್ತಾ ಹಾವಿನ ಹಾಗೆ ಬುಸ್ ಎನ್ನುತ್ತವೆ. ಹೃದಯದಾಕಾರದ ಆ ಬಿಳಿ ಮುಖ ಕಂಡು, ಅಪಶಕುನವೆಂದು ಹೆದರಿ, ಕೋಲಿನಲ್ಲಿ ಹೊಡೆದು ಹಾಕಿದ್ದನ್ನು ಕೇಳಿದ್ದೇನೆ. ಪಿಕಳಾರದ ಮರಿ ಎರಡು ವಾರದಲ್ಲಿ ಹೊರಟರೆ ಇವಕ್ಕೆ ಹಾರಲು ಎರಡು ತಿಂಗಳು ಬೇಕು. ರಾತ್ರಿಯ ಸದ್ದು ಇರುತ್ತದೆ, ವಾಸನೆಯೂ ಇರುತ್ತದೆ. ಸಹಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ರಾತ್ರಿ ಪೂರ್ತಿ ಆ ದಂಪತಿ ತಂದುಹಾಕುವುದು ಹೆಚ್ಚಾಗಿ ಇಲಿಗಳನ್ನೇ. ಅವು ಹೊರಟ ಮೇಲೆ ಡಕ್ಟಿಗೆ ಜಾಲರಿ ಹಾಕಿಸಿ, ಮುಂದಿನ ವರ್ಷಕ್ಕೆ ಅಂಗಳದ ಮರದಲ್ಲಿ ಒಂದು ಮರದ ಪೆಟ್ಟಿಗೆ ಕಟ್ಟಿಸಿಕೊಡಿ.

ಇದೆಲ್ಲಕ್ಕಿಂತ ಹೆಚ್ಚು ಮರಿಗಳು ನೆಲಕ್ಕೆ ಬೀಳುವುದು ಮರ ಸವರುವಾಗ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್, ಮೇ ತಿಂಗಳಲ್ಲಿ ತಂತಿಗೆ ತಾಗುವ ಕೊಂಬೆ ಕಡಿಯುತ್ತಾರೆ. ಗೂಡುಗಳು ತುಂಬಿರುವುದೂ ಅದೇ ತಿಂಗಳುಗಳಲ್ಲಿ. ನಿಮ್ಮ ಮನೆಯ ಮರ ಸವರಿಸುವುದಿದ್ದರೆ ಚಳಿಗಾಲದ ಆರಂಭದಲ್ಲಿ, ಗೂಡಿಲ್ಲದಾಗ ಮಾಡಿಸಿ. ಬೀದಿಯ ಮರಕ್ಕೆ ಏಣಿ ಹಾಕಿದವರು ಬಂದರೆ ಕೆಳಗೆ ನಿಂತು ಹತ್ತು ನಿಮಿಷ ಮೇಲೆ ನೋಡಿ. ಗೂಡು ಕಂಡರೆ ಆ ಒಂದು ಕೊಂಬೆ ಬಿಡಲು ಹೇಳಿ. ಕೆಲಸ ಮಾಡುವವರು ಒರಟರಲ್ಲ, ತೋರಿಸಿದರೆ ಬಿಡುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬರು ಮರದಿಂದ ಇಳಿದು ಬಂದು, "ಕಾಗೆ ಗೂಡಮ್ಮ, ಮರಿ ಐತೆ, ಇದೊಂದು ಬಿಡ್ತೀನಿ" ಎಂದು ತಾವಾಗಿಯೇ ಹೇಳಿದ್ದರು. ಕಾಗೆ ಗೂಡಿನ ಮರಿ ಎಂದರೆ ಅದರೊಳಗೆ ಕೋಗಿಲೆಯ ಮರಿಯೂ ಇರಬಹುದು. ಬಿದ್ದದ್ದು ಯಾವುದೇ ಆಗಲಿ, ಸಾಕುತ್ತಿರುವುದು ಕಾಗೆ. ಅದೇ ಮರದ ಮೇಲೆ, ಕಾಗೆಯ ಕಣ್ಣಿಗೆ ಬೀಳುವಂತೆ ಇಡಿ. ಇಡಲು ಹೋಗುವವರು ತಲೆಗೆ ಹೆಲ್ಮೆಟ್ ಹಾಕಿಕೊಳ್ಳಿ, ಕಾಗೆಗಳು ಕುಕ್ಕದೆ ಬಿಡುವುದಿಲ್ಲ.

(ಪ್ರಶ್ನೋತ್ತರದಿಂದ)

ಒಬ್ಬರು ಹಿರಿಯರು ಕೇಳಿದರು: "ಕೇರೆ ಹಾವು ಗೂಡಿಗೆ ಬಂದರೆ ನಾವು ಓಡಿಸಬೇಕೋ ಬೇಡವೋ?" ಸಾರ್, ಕಷ್ಟದ ಪ್ರಶ್ನೆ. ಕಣ್ಣೆದುರೇ ಮರಿಯನ್ನು ನುಂಗುವುದನ್ನು ನೋಡಲು ನನಗೂ ಆಗುವುದಿಲ್ಲ. ಆದರೆ ಕೇರೆಯೂ ಈ ಅಂಗಳದ್ದೇ ಜೀವ, ಅದಕ್ಕೂ ಹಸಿವಿದೆ. ಹಾವು, ಕೆಂಬೂತ, ಕಾಗೆ ಬಂದರೆ ನಾನು ಅಡ್ಡ ಹೋಗುವುದಿಲ್ಲ. ಪಿಕಳಾರ ಗೂಡು ಕಳೆದುಕೊಂಡರೆ ಮತ್ತೆ ಕಟ್ಟುತ್ತದೆ, ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡುತ್ತದೆ. ಸಾಕಿದ ಬೆಕ್ಕಿನ ಮಾತು ಮಾತ್ರ ಬೇರೆ, ಅದಕ್ಕೆ ಮನೆಯಲ್ಲಿ ಹೊಟ್ಟೆ ತುಂಬ ಊಟವಿದೆ. ಮರಿ ಗೂಡಿನಿಂದ ಇಳಿದಿರುವ ಆ ಕೆಲವು ದಿನ ಬೆಕ್ಕನ್ನು ಒಳಗಿಟ್ಟುಕೊಳ್ಳಿ. ಪಕ್ಕದ ಮನೆಯವರ ಬೆಕ್ಕಾದರೆ ಅವರಿಗೂ ಹೇಳಿ.

ಒಬ್ಬ ಹುಡುಗ ಕೇಳಿದ: "ಮರಿ ಹಾರಿಹೋದ ಮೇಲೆ ಗೂಡು ಇಟ್ಕೋಬಹುದಾ ಆಂಟಿ?" ಅಲ್ಲೇ ಬಿಡು ಪುಟ್ಟ. ಪಿಕಳಾರ ಸಾಮಾನ್ಯವಾಗಿ ಮುಂದಿನ ಸಲಕ್ಕೆ ಹೊಸದನ್ನೇ ಕಟ್ಟುತ್ತೆ. ಹಳೆಯದರ ನಾರು ಬೇರೆ ಹಕ್ಕಿಗಳು ಕಿತ್ತುಕೊಂಡು ಹೋಗ್ತವೆ, ಅದನ್ನ ನೋಡೋದೇ ಚೆಂದ. ಅದರಲ್ಲಿ ಸಣ್ಣ ಉಣ್ಣೆಹುಳ ಇರ್ತವೆ, ಮುಟ್ಟಿದರೆ ಸೋಪು ಹಾಕಿ ಕೈ ತೊಳ್ಕೋ. ಬೆಳವದ ವಿಷಯ ಮಾತ್ರ ದೊಡ್ಡವರು ಕೇಳಿಸಿಕೊಳ್ಳಿ: ಅದು ಅದೇ ಗೂಡಿಗೆ ಮತ್ತೆ ಬಂದು ಮೊಟ್ಟೆ ಇಡುವುದುಂಟು. ಬಾಲ್ಕನಿ ನಿಮಗೆ ಬೇಕಿದ್ದರೆ ಮರಿಗಳು ಹೋದ ಒಂದೆರಡು ದಿನದಲ್ಲೇ, ಗೂಡು ಖಾಲಿ ಎಂದು ನೋಡಿಕೊಂಡು ತೆಗೆದು ಒರೆಸಿಬಿಡಿ. ಮೊಟ್ಟೆ ಇಟ್ಟಾಗಿದ್ದರೆ ಇನ್ನೊಂದು ತಿಂಗಳು ಬಟ್ಟೆಯನ್ನು ಒಳಗೇ ಒಣಹಾಕಿಕೊಳ್ಳಿ.